ಸ್ಟ್ಯೂ ಮಾಡಿದ್ದು ಯಾರು?

ಮತ್ತೆ ಸ್ಟ್ಯೂ (ಮಾಂಸ, ತರಕಾರಿ ಹಾಕಿ ಸಣ್ಣ ಉರೀಲಿ ಗಂಟೆಗಟ್ಟಲೆ ಬೇಯಿಸೋ ಗಟ್ಟಿ ಸಾರು). ರಿವ್ಯೂಗೆ ಬಂದಿರೋ ಮಾಯಾ ಮಂತ್ರದ ಕಾದಂಬರಿಯ 217ನೇ ಪುಟ, ಬೆಟ್ಟದ ಮೇಲೆ ಹಿಮ ಸುರೀತಿದೆ, ದುಷ್ಟ ರಾಣಿ ಕಡೆ ಸೈನಿಕರು ಬೆನ್ನು ಹತ್ತಿದಾರೆ, ಹದಿನೇಳು ವರ್ಷದ ಒಬ್ಬ ಹುಡುಗಿ, ಅವಳ ಮೇಲೆ ಮನಸ್ಸಿಟ್ಟಿರೋ ಇಬ್ಬರು ಹುಡುಗರು (ಒಬ್ಬ ಬಾಲ್ಯದ ಗೆಳೆಯ, ಇನ್ನೊಬ್ಬ ಶತ್ರು ದೇಶದ ರಾಜಕುಮಾರ, ಕಪ್ಪು ಕೂದಲು, ಹುಬ್ಬಿನ ಮೇಲೆ ಗಾಯದ ಗುರುತು, ಗೊತ್ತಲ್ಲ), ಮಾತು ಕಮ್ಮಿ ಆಡೋ ಒಬ್ಬ ಕಳ್ಳ, ಕೆಮ್ಮೋ ಮುದುಕ ಮಾಂತ್ರಿಕ, ಐದೂ ಜನ ಕುದುರೆ ಇಳಿದು ಬಂಡೆ ಸಂದೀಲಿ ಕೂತ್ಕೋತಾರೆ, ಮುಂದಿನ ಪ್ಯಾರಾ ಶುರುವಾಗೋ ಹೊತ್ತಿಗೆ ಎಲ್ಲರ ಕೈಲೂ ಹೊಗೆಯಾಡ್ತಿರೋ ಸ್ಟ್ಯೂ ಬಟ್ಟಲು! ಬಟ್ಟಲು ಎಲ್ಲಿಂದ ಬಂತು? ಅಷ್ಟು ದೊಡ್ಡ ಪಾತ್ರೆ ಯಾರು ಹೊತ್ಕೊಂಡು ಬಂದ್ರು? ಹಿಮದಲ್ಲಿ ಒಣ ಸೌದೆ ಯಾವ ಅಂಗಡೀಲಿ ಸಿಕ್ತು? ಈರುಳ್ಳಿ ಹೆಚ್ಚಿದ್ದು ಯಾರು? ಮಾಂಸ ಮೆತ್ತಗೆ ಬೇಯೋಕೆ ಎರಡು ಗಂಟೆ ಆದ್ರೂ ಬೇಕು, ಅಲ್ಲೀವರೆಗೂ ಆ ಸೈನಿಕರು ಬೆಟ್ಟದ ಬುಡದಲ್ಲಿ ಏನು ಮಾಡ್ತಿದ್ರು, ಅವರೂ ಸ್ಟ್ಯೂಗೆ ಇಟ್ಟಿದ್ರಾ?

ಪುಸ್ತಕ ಇನ್ನೂ ಮಾರ್ಕೆಟ್‌ಗೆ ಬಂದಿಲ್ಲ. ರಿವ್ಯೂ ಬರೆಯೋರಿಗೆ ಅಂತ ಮುಂಚೇನೇ ಕಳಿಸೋ ಪಿಡಿಎಫ್, ಪ್ರತಿ ಪುಟದ ಮೇಲೂ ಇದು ತಿದ್ದದ ಪ್ರತಿ ಅಂತ ಅಡ್ಡಡ್ಡ ಅಚ್ಚು, ಮೊದಲಲ್ಲಿ ಮ್ಯಾಪ್ ಇರಬೇಕಾದ ಕಡೆ ಖಾಲಿ ಪುಟ, ಮ್ಯಾಪ್ ಆಮೇಲೆ ಬರುತ್ತೆ ಅಂತ ಒಂದು ಸಾಲು. ದುಡ್ಡೇನೂ ಕೊಡಲ್ಲ, ಪುಸ್ತಕ ಮಾತ್ರ ಪುಕ್ಕಟೆ. ಮೊನ್ನೆ ಒಂದು ಗೃಹಪ್ರವೇಶದ ಊಟದಲ್ಲಿ ಪಕ್ಕದ ಎಲೇಲಿದ್ದ ಚಿಕ್ಕಪ್ಪನ ಮಗ, "ಏನಪ್ಪಾ, ಐವತ್ತು ದಾಟಿದ್ರೂ ಇನ್ನೂ ಹುಡುಗ್ರು ಓದೋ ಮಾಯಾ ಮಂತ್ರದ ಕಾದಂಬರಿ ಓದ್ತೀಯಂತೆ, ಯಾಕೋ?" ಅಂತ ಕೇಳಿದ. ಕಾರಣ ಇದೆ, ಒಳ್ಳೇ ಕಾರಣಾನೇ ಇದೆ, ಬರೆದು ತಿಳಿಸ್ತೀನಿ ಕಣೋ ಅಂದಿದ್ದೆ. ಇಲ್ಲೇ ಹೇಳ್ತೀನಿ, ಮೊದ್ಲು ಈ ಸ್ಟ್ಯೂ ವಿಷ್ಯ ಮುಗಿಸ್ಕೊಂಬಿಡೋಣ.

ಇದು ನನ್ನೊಬ್ಬನ ತಕರಾರಲ್ಲ. ಡಯಾನಾ ವಿನ್ ಜೋನ್ಸ್ ಅಂತ ಇಂಗ್ಲೆಂಡಿನ ಲೇಖಕಿ, ಆಕ್ಸ್‌ಫರ್ಡಲ್ಲಿ 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ಪಾಠ ಕೇಳಿದವರು (ಆ ಮನುಷ್ಯ ಪಾಠ ಮಾಡ್ತಿರಲಿಲ್ಲ, ಗೊಣಗ್ತಿದ್ರು ಅಂತ ಆಮೇಲೆ ಹೇಳ್ಕೊಂಡಿದಾರೆ), ಬದುಕಿಡೀ, ಹೆಚ್ಚಾಗಿ ಮಕ್ಕಳಿಗೆ ಅಂತ, ಫ್ಯಾಂಟಸಿ (ಅದೇ, ಮಾಯಾಲೋಕದ ಕತೆ) ಬರೆದ್ರು, 1996ರಲ್ಲಿ 'ದಿ ಟಫ್ ಗೈಡ್ ಟು ಫ್ಯಾಂಟಸಿಲ್ಯಾಂಡ್' ಅಂತ ಒಂದು ಟೂರಿಸ್ಟ್ ಗೈಡ್ ಥರದ ಪುಸ್ತಕ ತಂದ್ರು. ಅಕಾರಾದಿ ಪ್ರಕಾರ ಒಂದೊಂದೇ ಕ್ಲೀಷೆ (ಎಲ್ಲರೂ ಬಳಸಿ ಬಳಸಿ ಸವೆಸಿದ್ದು) ಹಿಡಿದು ಜಾಡಿಸಿದಾರೆ. ಅದರಲ್ಲಿ ಸ್ಟ್ಯೂಗೂ ಒಂದು ಜಾಗ ಇದೆ: ಈ ಲೋಕಕ್ಕೆ ಹೋದ್ರೆ ನಿಮಗೆ ಸಿಗೋದು ಇದೊಂದೇ, ಯಾವಾಗ ಯಾರು ಮೇಲೆ ಬೀಳ್ತಾರೋ ಗೊತ್ತಿಲ್ಲದ ಜಾಗದಲ್ಲಿ ಮಾಂಸದ ತುಂಡೊಂದನ್ನ ಸುಟ್ಟು ತಿನ್ನೋಕಿಂತ ನಲವತ್ತು ಪಟ್ಟು ಹೊತ್ತು ಹಿಡಿಯೋ ಅಡುಗೆಯನ್ನ ಯಾಕೆ ಆರಿಸ್ಕೊಂಡ್ರೋ ಅಂತ. 1996! ಇಷ್ಟು ವರ್ಷ ಆದ್ರೂ ಯಾರೂ ಪಾಠ ಕಲ್ತಿಲ್ಲ. ಪುಸ್ತಕದ ಅಂಚಿಗೆಲ್ಲ ಬಣ್ಣ ಹಾಕೋಕೆ ಶುರು ಮಾಡಿದಾರೆ, ಮುಖಪುಟಕ್ಕೆ ಬಂಗಾರದ ಹಾಳೆ ಅಂಟಿಸ್ತಾರೆ, ಒಳಗೆ ಮಾತ್ರ ಅದೇ ಸ್ಟ್ಯೂ.

ಪ್ರಯಾಣಕ್ಕೆ ಊಟ ಹೇಗೆ ಕಟ್ಕೋಬೇಕು ಅಂತ ಈ ಲೇಖಕರಿಗೆ ನಮ್ಮ ದೊಡ್ಡಮ್ಮನ ಹತ್ರ ಟ್ಯೂಷನ್ ಹೇಳಿಸ್ಬೇಕಿತ್ತು. ನಾನು ಹೈಸ್ಕೂಲಲ್ಲಿದ್ದಾಗ ಮನೆಮಂದಿಯೆಲ್ಲ ಕಾಶಿಗೆ ಹೊರಟಿದ್ವಿ, ಬೆಂಗಳೂರಿಂದ ರೈಲಲ್ಲಿ ಮೊಗಲ್‌ಸರಾಯ್‌ವರೆಗೂ. ಹೊರಗಡೆ ಒಂದು ಇಡ್ಲೀನೂ ಮುಟ್ಟೋ ಹಾಗಿಲ್ಲ ಅಂತ ದೊಡ್ಡಮ್ಮನ ಆರ್ಡರ್. ವಾರದ ಹಿಂದಿಂದಾನೇ ತಯಾರಿ. ಬಾಳೆ ಎಲೇನ ಒಲೆ ಉರಿ ಮೇಲೆ ಆಡಿಸಿ ಬಾಡಿಸೋರು, ಇಲ್ದಿದ್ರೆ ಮಡಿಸುವಾಗ ಸೀಳುತ್ತೆ. ಮೊಸರನ್ನ ಅಂತ ಕಟ್ಟಿದ್ದು ಮೊಸರನ್ನವೇ ಅಲ್ಲ: ಅನ್ನ ನುಣ್ಣಗೆ ಹಿಸುಕಿ, ಕಾಯಿಸಿದ ಹಾಲು ಸುರಿದು, ಉಗುರುಬೆಚ್ಚಗಾದ ಮೇಲೆ ಒಂದೇ ಒಂದು ಚಮಚ ಮೊಸರು ಹಾಕೋರು, ಬೆಳಿಗ್ಗೆ ಕಟ್ಟಿದ್ದು ಮಧ್ಯಾಹ್ನ ಬಿಚ್ಚೋ ಹೊತ್ತಿಗೆ ತಾನೇ ಹದಕ್ಕೆ ಬಂದಿರ್ತಿತ್ತು, ಹುಳಿ ಏರ್ತಿರಲಿಲ್ಲ. ಅದು ಮೊದಲನೇ ಮಧ್ಯಾಹ್ನಕ್ಕೆ. ರಾತ್ರಿಗೆ ನೀರು ಮುಟ್ಟಿಸದೆ ಹಾಲಲ್ಲೇ ಕಲಸಿದ ಚಪಾತಿ, ಚಟ್ನಿಪುಡಿ. ಮಾರನೇ ದಿನಕ್ಕೆ ಎಣ್ಣೆ ಮುಂದಾಗಿ ಕಲಸಿದ ಪುಳಿಯೋಗರೆ. ಅದಾದ ಮೇಲೆ ಗೊಜ್ಜವಲಕ್ಕಿ, ಹುರಿಗಾಳು. ಹಾರ್ಲಿಕ್ಸ್ ಬಾಟ್ಲೀಲಿ ಉಪ್ಪಿನಕಾಯಿ, ಬಾಯಿಗೆ ಬಟ್ಟೆ ಕಟ್ಟಿ. ಎಲ್ಲಕ್ಕಿಂತ ಕೊನೇಗೆ, ಡಾಲ್ಡಾ ಡಬ್ಬದಲ್ಲಿ ಕೋಡುಬಳೆ, ಅದು ನಾಗಪುರ ದಾಟಿದ ಮೇಲೆ.

ರೈಲು ಇನ್ನೂ ಜೋಲಾರ್‌ಪೇಟೆ ಬಿಟ್ಟಿರಲಿಲ್ಲ, ದೊಡ್ಡಪ್ಪ ಕೋಡುಬಳೆ ಡಬ್ಬದ ಮುಚ್ಚಳ ತೆಗೆದ್ರು. ಸದ್ದಾಗಬಾರದು ಅಂತ ಪಂಚೆ ಒಳಗೆ ಡಬ್ಬ ಇಟ್ಕೊಂಡು, ಚಮಚದ ಹಿಡಿಯಿಂದ ಮೀಟಿ. ಆದ್ರೆ ಕೋಡುಬಳೆ ಸದ್ದಿಲ್ಲದೆ ತಿನ್ನೋಕೆ ಆಗುತ್ತಾ? ಮೇಲಿನ ಬರ್ತಲ್ಲಿ ಮಲಗಿದ್ದ ದೊಡ್ಡಮ್ಮ ಎದ್ದು ಕೂತ್ರು. "ಮೆತ್ತಗಾಗಿದ್ಯೇನೋ ಅಂತ ನೋಡ್ತಿದ್ದೆ ಕಣೇ" ಅಂದ್ರು ದೊಡ್ಡಪ್ಪ. ಮೂರು ನೋಡಿ ಆಗಿತ್ತು. ಅಲ್ಲಿಂದ ವಿಜಯವಾಡದವರೆಗೂ ದೊಡ್ಡಮ್ಮ ಅವರ ಜೊತೆ ಮಾತಿಲ್ಲ, ಏನಾದ್ರೂ ಹೇಳೋದಿದ್ರೆ ನನಗೆ ಹೇಳೋರು, "ನಿಮ್ಮ ದೊಡ್ಡಪ್ಪಂಗೆ ನೀರು ಬೇಕೇನೋ ಕೇಳು". ನಾಗಪುರ ಬರೋ ಹೊತ್ತಿಗೆ ಡಬ್ಬದಲ್ಲಿ ಪುಡಿ ಮಾತ್ರ ಉಳಿದಿತ್ತು (ನಾವು ಹುಡುಗ್ರೂ ಸುಮ್ನೆ ಕೂತಿರಲಿಲ್ಲ ಅನ್ನಿ). ಆಗ ಎದುರು ಸೀಟಿನ ಗುಜರಾತಿ ಹೆಂಗಸು, ಅವರ ಭಾಷೆ ನಮಗೆ ಬರಲ್ಲ, ನಮ್ಮದು ಅವರಿಗೆ ಬರಲ್ಲ, ಥೇಪ್ಲಾ (ಅವರ ಕಡೆ ರೊಟ್ಟಿ) ಕಟ್ಟು ಬಿಚ್ಚಿ ಎರಡು ತೆಗೆದು ಚಾಚಿದ್ರು. ದೊಡ್ಡಮ್ಮ ತಿರುಗಿಸಿ ತಿರುಗಿಸಿ ನೋಡಿದ್ರು, ಮೂಸಿದ್ರು, ಮೆಂತ್ಯ ಸೊಪ್ಪು ಅಂತ ಗುರುತು ಹಿಡಿದ್ರು. ಚಟ್ನಿಪುಡಿ ಡಬ್ಬ ತೆಗೆದು ಆ ಕಡೆ ನೂಕಿದ್ರು. ಇಟಾರ್ಸಿ ಬರೋ ಹೊತ್ತಿಗೆ ಇಬ್ರೂ ಕೈಸನ್ನೆಯಲ್ಲೇ ಸೊಸೆಯಂದಿರ ವಿಷ್ಯ ಮಾತಾಡ್ತಿದ್ರು. ದ್ರೋಹ, ಮೌನ, ಪರದೇಶದವರ ಜೊತೆ ಒಪ್ಪಂದ, ಎಲ್ಲ ಒಂದೇ ಬೋಗೀಲಿ. ನನ್ನ ಪಿಡಿಎಫ್‌ನಲ್ಲಿ ಐದು ಜನ ಮುನ್ನೂರು ಮೈಲಿ ಹೋಗ್ತಾರೆ, ಒಂದು ಸಲಾನೂ ಕೊನೇ ತುಂಡು ಯಾರಿಗೆ ಅಂತ ಜಗಳ ಆಗಲ್ಲ, ಅದನ್ನ ನಾನು ನಂಬಬೇಕಂತೆ. ಡ್ರ್ಯಾಗನ್ ನಂಬ್ತೀನಿ ಸ್ವಾಮಿ. ಇದನ್ನ ನಂಬಲ್ಲ.

ಅದೇ ವ್ಯಾಸರನ್ನ ನೋಡಿ. ವನಪರ್ವ ಶುರುವಾಗ್ತಿದ್ದ ಹಾಗೇ ಧರ್ಮರಾಯನಿಗೆ ಬಂದ ಮೊದಲ ಚಿಂತೆ ಕೌರವರದ್ದಲ್ಲ, ಬೆನ್ನಿಗೆ ಬಂದಿರೋ ಬ್ರಾಹ್ಮಣರಿಗೆಲ್ಲ ಕಾಡಲ್ಲಿ ಊಟಕ್ಕೆ ಏನು ಮಾಡೋದು ಅಂತ. ಧೌಮ್ಯರು ಸೂರ್ಯನ್ನ ಬೇಡ್ಕೋ ಅಂತಾರೆ, ಅಕ್ಷಯಪಾತ್ರೆ ಬರುತ್ತೆ. ಅಲ್ಲಿಗೆ ಬಿಟ್ಟಿದ್ರೆ ನಾನು ಎರಡು ಸ್ಟಾರ್ ಕಟ್ ಮಾಡ್ತಿದ್ದೆ. ಆದ್ರೆ ಅದಕ್ಕೊಂದು ಕಟ್ಟು ಇಟ್ರು ನೋಡಿ: ದಿನಕ್ಕೆ ದ್ರೌಪದಿ ಊಟ ಆಗೋವರೆಗೂ ಮಾತ್ರ, ಅವಳದ್ದಾಯ್ತು ಅಂದ್ರೆ ಪಾತ್ರೆ ಖಾಲಿ. ಸರಿಯಾಗಿ ಅವಳು ಉಂಡು ಕೈ ತೊಳೆದ ಮೇಲೇ ದೂರ್ವಾಸರು ಶಿಷ್ಯರ ದಂಡು ಕಟ್ಕೊಂಡು ಬರ್ತಾರೆ. ಇವತ್ತಿನವರು ಮ್ಯಾಜಿಕ್ ಸಿಸ್ಟಮ್, ಮ್ಯಾಜಿಕ್ ಸಿಸ್ಟಮ್ (ಮಾಯೆಗೂ ಒಂದು ಕಟ್ಟುಪಾಡು) ಅಂತ ಬಡ್ಕೋತಾರಲ್ಲ, ಅದು ಇದು. ಎಲ್ಲರಿಗೂ ಬಡಿಸಿ ಕೊನೇಗೆ ಉಣ್ಣೋ ಹೆಂಗಸಿನ ತಟ್ಟೆಗೆ ಇಡೀ ಮಂತ್ರಾನ ಕಟ್ಟಿ ಹಾಕಿದಾರೆ.

ಒಳ್ಳೇ ಪುಸ್ತಕಗಳಿಗೆ ಈ ಹಸಿವಿನ ಗ್ಯಾನ ಇದ್ದೇ ಇರುತ್ತೆ. 2008ರ 'ದಿ ಹಂಗರ್ ಗೇಮ್ಸ್' (ಚೀಟಿ ಎತ್ತಿ ಮಕ್ಕಳನ್ನ ಆರಿಸಿ, ಸಾಯೋವರೆಗೂ ಹೊಡೆದಾಡಿಸೋ ಸರ್ಕಾರದ ಕತೆ) ಅಂದ್ರೆ ಎಲ್ಲರಿಗೂ ಬಿಲ್ಲು ಬಾಣ, ಅರೇನಾ, ಇಬ್ಬರು ಹುಡುಗರು ಇಷ್ಟೇ ನೆನಪು, ನನಗೆ ನೆನಪಿರೋದು ಟೆಸೆರಾ ಲೆಕ್ಕ. ಸಾವಿನ ಚೀಟಿ ಎತ್ತೋ ಪಾತ್ರೇಲಿ ನಿನ್ನ ಹೆಸರು ಇನ್ನೊಂದು ಸಲ ಹಾಕೋಕೆ ಒಪ್ಕೊಂಡ್ರೆ ಒಬ್ಬರಿಗೆ ಒಂದು ವರ್ಷಕ್ಕೆ ಅಳೆದು ಸುರಿದು ಸಾಲೋಷ್ಟು ಧಾನ್ಯ, ಎಣ್ಣೆ. ಹಾಗೆ ಹಾಕಿ ಹಾಕಿ ಹದಿನಾರನೇ ವಯಸ್ಸಿಗೆ ನಾಯಕಿ ಕಾಟ್ನಿಸ್ ಹೆಸರು 20 ಸಲ ಇದೆ, ಅವಳ ಗೆಳೆಯ ಗೇಲ್‌ದು 42. ರೇಷನ್ ಅಂಗಡಿ ಕ್ಯೂನಲ್ಲಿ ಸೀಮೆಎಣ್ಣೆ ಕ್ಯಾನ್ ಹಿಡ್ಕೊಂಡು ನಿಂತು ಗೊತ್ತಿರೋರಿಗೆ ಆ ಲೆಕ್ಕ ಓದ್ತಿದ್ರೆ ಹೊಟ್ಟೇಲಿ ಏನೋ ಆಗುತ್ತೆ. ಆಮೇಲೆ ಇದೇ ಅಚ್ಚಲ್ಲಿ ಎಷ್ಟೋ ಬಂದವು, ಎಲ್ಲದರಲ್ಲೂ ಸರ್ವಾಧಿಕಾರಿ, ಎಲ್ಲದರಲ್ಲೂ ಪರೀಕ್ಷೆ, ಯಾರೂ ಆ ಎಣ್ಣೆ ಡಬ್ಬ ಕಾಪಿ ಹೊಡೀಲಿಲ್ಲ. ಹೊಡೀಬೇಕಾಗಿದ್ದು ಅದನ್ನೇ.

ಹ್ಯಾರಿ ಪಾಟರ್‌ನ ಕೊನೇ ಭಾಗ 2007ರಲ್ಲಿ ಬಂದಾಗ ಎಲ್ಲರದ್ದೂ ಒಂದೇ ದೂರು, ಹ್ಯಾರಿ, ಅವನ ಗೆಳೆಯ ರಾನ್, ಗೆಳತಿ ಹರ್ಮಯನಿ ಮೂರೂ ಜನ ಕಾಡಲ್ಲಿ ಟೆಂಟ್ ಹಾಕ್ಕೊಂಡು ಅಲೀತಾನೇ ಇರ್ತಾರೆ, ಕತೆ ಎಳೀತು ಅಂತ. ನನ್ನ ಕೇಳಿದ್ರೆ ಏಳೂ ಪುಸ್ತಕದಲ್ಲಿ ಅತ್ಯಂತ ನಿಜವಾದ ಭಾಗ ಅದು. ಮಂತ್ರದಿಂದ ಊಟ ಹುಟ್ಟಿಸೋಕೆ ಬರಲ್ಲ ಅಂತ ಆ ಲೋಕದಲ್ಲಿ ಒಂದು ನಿಯಮಾನೇ ಇದೆ. ಹಸಿದ ರಾನ್ ಊಟ ಸರಿ ಇಲ್ಲ ಅಂತ ಮುಖ ಸಿಂಡರಿಸ್ತಾನೆ, ಅಮ್ಮನ ಅಡುಗೆ ನೆನೀತಾನೆ, ಹರ್ಮಯನಿ ಸಿಟ್ಟಲ್ಲಿ, ಯಾವಾಗ್ಲೂ ಅಡುಗೆ ನನ್ನ ತಲೇಗೇ ಬರುತ್ತಲ್ಲ, ಹುಡುಗಿ ಅಂತಾನಾ ಅನ್ನೋ ಅರ್ಥದಲ್ಲಿ ತಿರುಗಿ ಬೀಳ್ತಾಳೆ. ಇಡೀ ಪ್ರಪಂಚ ಉಳಿಸೋಕೆ ಹೊರಟವರು ಸೀದ ಮೀನಿನ ವಿಷ್ಯಕ್ಕೆ ಮುರ್ಕೊಂಡು ಬೀಳೋದು, ಇದಕ್ಕಿಂತ ಏನು ಬೇಕ್ರೀ ನಿಮಗೆ?

ಇನ್ನು ಸ್ಟ್ಯೂ ಅಂದ್ರೆ ನಾನು ಕ್ಷಮಿಸೋದು ಒಂದೇ ಒಂದನ್ನ, 1962ರ 'ಎ ರಿಂಕಲ್ ಇನ್ ಟೈಮ್'ದು. ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ವಾಪಸ್ ಕಳಿಸಿದ್ದ ಪುಸ್ತಕ, ಅಚ್ಚಾದ ಮಾರನೇ ವರ್ಷ ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡೋ ನ್ಯೂಬೆರಿ ಪ್ರಶಸ್ತಿ ಬಂತು. ಅದರಲ್ಲಿ ಅಮ್ಮ ವಿಜ್ಞಾನಿ, ಮನೇಲೇ ಲ್ಯಾಬು, ಪ್ರಯೋಗ ಬಿಟ್ಟು ಏಳೋಕೆ ಆಗಲ್ಲ ಅಂತ ಬನ್ಸೆನ್ ಬರ್ನರ್ ಮೇಲೇ ಸ್ಟ್ಯೂ ಇಟ್ಟಿರ್ತಾಳೆ. ಯಾರು ಮಾಡಿದ್ದು ಗೊತ್ತು, ಯಾವುದರ ಮೇಲೆ ಬೇಯ್ತಿದೆ ಗೊತ್ತು, ಯಾಕೆ ಅಲ್ಲಿ ಅಂತಾನೂ ಗೊತ್ತು. ಅದೇ ಪುಸ್ತಕದಲ್ಲಿ ಮುಂದೆ ಎಲ್ಲರೂ ಒಂದೇ ತಾಳಕ್ಕೆ ಬದುಕೋ ಗ್ರಹದಲ್ಲಿ ಮಕ್ಕಳ ಮುಂದೆ ಘಮಘಮ ಊಟ ಬರುತ್ತೆ, ಮನಸ್ಸನ್ನ ಗಟ್ಟಿಯಾಗಿ ಮುಚ್ಕೊಂಡಿರೋ ಚಿಕ್ಕ ಹುಡುಗನಿಗೆ ಅದು ಬರೀ ಮರಳು. ಆ ಗ್ರಹ ಎಂಥದ್ದು ಅಂತ ಹತ್ತು ಪುಟ ಭಾಷಣ ಮಾಡೋ ಬದಲು ಒಂದು ತುತ್ತಲ್ಲಿ ಮುಗಿಸಿದಾರೆ.

ಇದನ್ನೆಲ್ಲ ಸ್ಟಾರ್‌ನಲ್ಲಿ ಹೇಗೆ ಹೇಳೋದು? ಗುಡ್‌ರೀಡ್ಸ್ (ಓದುಗರು ಪುಸ್ತಕಕ್ಕೆ ಸ್ಟಾರ್ ಕೊಡೋ ವೆಬ್‌ಸೈಟ್) ಲೆಕ್ಕದಲ್ಲಿ ಮೂರು ಸ್ಟಾರ್ ಅಂದ್ರೆ ಇಷ್ಟ ಆಯ್ತು ಅಂತಲೇ ಅರ್ಥ, ಮೌಸ್ ಇಟ್ರೆ ಹಾಗೇ ತೋರಿಸೋದು. ಆದ್ರೆ ಮೂರು ಕೊಟ್ಟು ನೋಡಿ, ಲೇಖಕರ ಮನೆ ಮುಂದೆ ಕಸ ಸುರಿದವರ ಥರ ನೋಡ್ತಾರೆ ಜನ. ಐದು ಕೊಟ್ರೆ ಮಾತ್ರ ಮರ್ಯಾದೆ, ನಾಲ್ಕು ಕೊಟ್ರೆ ಏನು ಕಮ್ಮಿ ಆಯ್ತು ಅಂತ ವಿಚಾರಣೆ. ಮೊದಲ ಭಾಗ ಅಂತ ಮುಖಪುಟದ ಮೇಲೆ ಎಲ್ಲೂ ಹಾಕದೆ, 480 ಪುಟ ಓದಿಸಿ, ಹುಡುಗೀನ ಬಂಡೆ ತುದೀಲಿ ನೇತಾಡಿಸಿ, ಮುಂದಿನ ವರ್ಷ ಬನ್ನಿ ಅನ್ನೋರಿಗೆ ನಾಲ್ಕು ಹೇಗ್ರೀ ಕೊಡೋದು? ಪ್ರತಿ ಮೂವತ್ತು ಪುಟಕ್ಕೊಮ್ಮೆ ಅವಳು, ತಾನು ಹಿಡಿದಿಟ್ಕೊಂಡಿದ್ದೇ ಗೊತ್ತಿಲ್ಲದ ಉಸಿರನ್ನ ಹೊರಗೆ ಬಿಡ್ತಾಳೆ. ಶ್ವಾಸಕೋಶದ ಡಾಕ್ಟರ್‌ಗೆ ತೋರಿಸ್ರಮ್ಮಾ ಅವಳನ್ನ.

ಅಕ್ಕನ ಮಗಳಿಗೆ ಹದಿನಾರು, ಅಂದ್ರೆ ಈ ಪುಸ್ತಕಗಳ ಅಸಲಿ ಓದುಗಾರ್ತಿ. ನನ್ನ ರಿವ್ಯೂ ಡ್ರಾಫ್ಟ್ ಅವಳಿಗೆ ಓದಿಸಿದೆ. ಮುಕ್ಕಾಲು ಭಾಗ ಅಡುಗೆ, ಕಾಲು ಭಾಗ ಕತೆ.

"ಮಾಮಾ, ಇದನ್ನ ಯಾವಾಗ ಬರೆದೆ ನೀನು?"

"ಬೆಳಿಗ್ಗೆ, ತಿಂಡಿಗೆ ಮುಂಚೆ."

"ಅದಕ್ಕೇ. ತಿಂದ್ಬಿಟ್ಟು ಬರಿ."

ಅವಳಿಗೆ ಆ ಪುಸ್ತಕ ಒಂದೇ ರಾತ್ರೀಲಿ ಮುಗೀತು, ಬಂಡೆ ತುದಿ ಬಂದಾಗ ಕಿರುಚಿದ್ಲಂತೆ, ಕಪ್ಪು ಕೂದಲಿನವನೇ ಸರಿಯಾದ ಜೋಡಿ ಅಂತ ಖಡಾಖಂಡಿತ. ಸ್ಟ್ಯೂ ಬಗ್ಗೆ ಕೇಳಿದ್ರೆ, "ಸ್ಟ್ಯೂ ಇತ್ತಾ?" ಅಂತಾಳೆ. ಹದಿನಾರರಲ್ಲಿ ಊಟ ಅನ್ನೋದು ಕೂಗಿದ ತಕ್ಷಣ ಟೇಬಲ್ ಮೇಲೆ ಬರೋ ವಸ್ತು, ಅವಳ ರೂಮಿಗೂ ತಟ್ಟೆ ಹಾಗೇ ಬರುತ್ತೆ, ಖಾಲಿ ಆದ ಮೇಲೆ ಹಾಗೇ ಮಾಯ ಆಗುತ್ತೆ. ಹಾಗಾದ್ರೆ ಲೇಖಕರು ಸರಿಯಾದ ಓದುಗರಿಗೇ ಬರೆದಿದಾರೆ, ನಾನೇ ತಪ್ಪು ಎಲೆ ಮುಂದೆ ಕೂತವನು ಅನ್ಬಹುದು. ಅನ್ಬಹುದು, ಆದ್ರೆ ನಾನು ಅನ್ನಲ್ಲ. ಹದಿನಾರು ಅಂದ ಮಾತ್ರಕ್ಕೆ ಏನು ಬಡಿಸಿದ್ರೂ ನಡೆಯುತ್ತೆ ಅನ್ನೋ ಧೋರಣೆ ನಂಗೆ ಆಗಲ್ಲ.

ಚಿಕ್ಕಪ್ಪನ ಮಗನಿಗೆ ಹೇಳಬೇಕಾಗಿದ್ದ ಕಾರಣಕ್ಕೆ ಬರೋಣ ಅಂದ್ರೆ, ಎಡಿಟರ್ ಫೋನು, ನಾನೂರು ಪದ ಮೀರಬಾರದಂತೆ, ನಾಳೆ ಸಂಜೆಯೊಳಗೆ ಬೇಕಂತೆ. ನಾನೂರರಲ್ಲಿ ಏನು ಬರೆಯೋದು, ಇನ್ನೂ ಕುದುರೆ ವಿಷ್ಯಕ್ಕೇ ಬಂದಿಲ್ಲ ನಾನು. ಒಂದು ಕುದುರೆಗೆ ದಿನಕ್ಕೆ ಹೆಚ್ಚುಕಮ್ಮಿ ಹತ್ತು ಕಿಲೋ ಹುಲ್ಲು ಬೇಕು, ಕೊಡಗಟ್ಟಲೆ ನೀರು ಬೇಕು, ಮೇಯೋಕೆ ಗಂಟೆಗಟ್ಟಲೆ ಬಿಡಬೇಕು. ಇವರ ಕುದುರೆಗಳು ಹಿಮದಲ್ಲಿ ಹಗಲೂ ರಾತ್ರಿ ಓಡ್ತವೆ, ಕುಂಟಲ್ಲ, ಲದ್ದಿ ಹಾಕಲ್ಲ, ನಿಲ್ಸಿದ ಕಡೆ ಬೈಕ್ ಥರ ನಿಂತಿರ್ತವೆ. ಡಯಾನಾ ಅವರು ಇದನ್ನೂ ಬಿಟ್ಟಿಲ್ಲ, ಈ ಕುದುರೆಗಳು ಗಿಡದ ಹಾಗೆ ಪರಾಗದಿಂದ ಹುಟ್ಟೋವೇ ಇರಬೇಕು ಅಂತ ಬರೆದಿದಾರೆ. ಐದು ಜನ, ಐದು ಕುದುರೆ, ಐವತ್ತು ಕಿಲೋ ಹುಲ್ಲು, ಬೆಟ್ಟದ ಮೇಲೆ, ಹಿಮದಲ್ಲಿ. ಎರಡು ಸ್ಟಾರ್. ಮ್ಯಾಪ್ ಚೆನ್ನಾಗಿ ಬಂದ್ರೆ ಎರಡೂವರೆ, ಆದ್ರೆ ಗುಡ್‌ರೀಡ್ಸ್‌ನಲ್ಲಿ ಅರ್ಧ ಸ್ಟಾರ್ ಒತ್ತೋಕೆ ಆಗಲ್ಲ.