ಬೆರಳು ಕುಯ್ದ ಆಲ್ಬಮ್

ನಾವು ಗೋಥನ್‌ಬರ್ಗ್ ಅನ್ನುವ ಊರನ್ನು ಸ್ವೀಡನ್‌ನವರು ಯೊತೆಬೊರಿ ಅನ್ನುತ್ತಾರೆ. ಕೆಲಸಕ್ಕೆ ಅಂತ ಇಲ್ಲಿಗೆ ಬಂದ ಮೊದಲ ವಾರವೇ ಈ ಪಾಠ ಆಯಿತು. ಆದರೂ ಆಫೀಸಿನ ಗೆಳೆಯ "ನಮ್ಮೂರಿನ ಯೆನ್ಸ್ ಲೆಕ್ಮನ್ ಹಾಡು ಕೇಳು" ಅಂದಾಗ ಫೋನಿನಲ್ಲಿ 'ವೈ' ಒತ್ತಿ ಹುಡುಕಿದೆ. ಯಾರೂ ಸಿಗಲಿಲ್ಲ. ಅದು 'ಜೆ' ಅಂತೆ! ಜಿ ಕೂಡ ಯ, ಜೆ ಕೂಡ ಯ ಆದರೆ ಹೊರಗಿನಿಂದ ಬಂದವನ ಗತಿ ಏನು?

ಅವನು ಹೇಳಿದ್ದು 2007ರ 'ನೈಟ್ ಫಾಲ್ಸ್ ಓವರ್ ಕೊರ್ತೆದಾಲಾ' ಆಲ್ಬಮ್. ಹೆಸರು ಸರಿಯಾದ ಮೇಲೂ ಸಿಗಲಿಲ್ಲ. ಹಳೆಯ ರೆಕಾರ್ಡುಗಳ ಚೂರುಪಾರು ಕತ್ತರಿಸಿ ಅಂಟಿಸಿ ಮಾಡಿದ ಹಾಡುಗಳವು. ಹಕ್ಕಿನ ತಕರಾರಿನಿಂದ 2022ರಲ್ಲಿ ಅದನ್ನು ತೆಗೆದು, ಕೆಲವು ಹಾಡುಗಳನ್ನು ಮತ್ತೆ ರೆಕಾರ್ಡ್ ಮಾಡಿ, ಬೇರೆ ಹೆಸರಲ್ಲಿ ಬಿಟ್ಟಿದ್ದಾರೆ. "ಹಳೇದನ್ನೇ ಕೇಳಬೇಕು" ಅಂತ ಗೆಳೆಯ ತನ್ನ ಸಿಡಿ ಕೊಟ್ಟ. ಈ ಕಾಲದಲ್ಲಿ ಸಿಡಿ ಹಾಕೋದು ಎಲ್ಲಿಗೆ? ಹಳೇ ಸಾಮಾನಿನ ಅಂಗಡಿಯಲ್ಲಿ ಐವತ್ತು ಕ್ರೋನಾಗೆ ಒಂದು ಪ್ಲೇಯರ್ ಸಿಕ್ಕಿತು. ಮುಚ್ಚಳ ಒತ್ತಿ ಹಿಡಿದರೆ ಮಾತ್ರ ಹಾಡುತ್ತಿತ್ತು. ಒಂದು ಕೇಜಿ ಉದ್ದಿನಬೇಳೆ ಪೊಟ್ಟಣ ಹೇರಿದೆ. ಹಾಡಿತು! ಹಾಗಾಗಿ ಅದರ ಜಾಗ ಅಡುಗೆಮನೆಯಲ್ಲೇ ಖಾಯಂ ಆಯಿತು. ದೋಸೆಗೆ ನೆನೆಹಾಕುವ ದಿನ ಮಾತ್ರ ಸಂಗೀತ ಬಂದ್.

ಡಿಸೆಂಬರ್. ಮಧ್ಯಾಹ್ನ ಮೂರೂವರೆಗೇ ಕತ್ತಲು. ಅಂಥ ಹೊತ್ತಲ್ಲಿ ಪಿಟೀಲು, ಡ್ರಮ್ಮು ಎಲ್ಲ ಸೇರಿ ಮದುವೆಮನೆಯ ಹಾಗೆ ಗಲಗಲ ಅಂದರೆ ಯಾರು ತಾನೇ ಬೀಳಲ್ಲ? ನಾನಂತೂ ದಬಕ್ಕನೆ ಬಿದ್ದೆ. ಮಾತು ಕೇಳಿಸಿಕೊಂಡರೆ ಬರೀ ಪೇಚಾಟ. ಒಂದು ಹಾಡಲ್ಲಿ ಗೆಳತಿಗೋಸ್ಕರ ಬರ್ಲಿನ್‌ಗೆ ಹೋಗಿ, ಅವಳಪ್ಪನ ಮುಂದೆ ಭಾವಿ ಅಳಿಯನ ನಾಟಕ ಆಡುತ್ತಾನೆ. ಅವಳು ಪ್ರೀತಿಸೋದು ಒಬ್ಬ ಹುಡುಗಿಯನ್ನು! ಇನ್ನೊಂದರಲ್ಲಿ ಬೆಣ್ಣೆಹಣ್ಣು ಹೆಚ್ಚುತ್ತಿರುವಾಗ ಪ್ರೇಯಸಿ ಹಿಂದಿನಿಂದ ಬಂದು ತಬ್ಬುತ್ತಾಳೆ, ಇವನು ಬೆರಳು ಕುಯ್ದುಕೊಳ್ಳುತ್ತಾನೆ.

ನಾನೂ ಕುಯ್ದುಕೊಂಡೆ. ಅದೇ ಹಾಡಿಗೆ. ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಾ ತಲೆದೂಗುತ್ತಿದ್ದೆ. ಹಿಂದಿನಿಂದ ಹೆಂಡತಿ ಬಂದಳು. ತಬ್ಬೋಕೆ ಅಲ್ಲ. "ರೀ, ಹಾಲು ಉಕ್ತಾ ಇದೆ!" ಅಂತ ಕೂಗಿದಳು ಅಷ್ಟೇ. ಹೆಬ್ಬೆರಳು ಅರ್ಧ ಇಂಚು ಸೀಳಿತು.

ಇಲ್ಲಿ ಹುಷಾರಿಲ್ಲದಿದ್ದರೆ 1177ಕ್ಕೆ ಫೋನ್ ಮಾಡಬೇಕು, ನರ್ಸ್ ಮಾತಾಡುತ್ತಾರೆ. ಏನು ಹೆಚ್ಚುತ್ತಿದ್ದಿರಿ ಅಂದರು. ಹೊಸದಾಗಿ ಕಲಿತ ಸ್ವೀಡಿಷ್ ತೋರಿಸುವ ಹುಮ್ಮಸ್ಸಿನಲ್ಲಿ "ಗುರ್ಕಾ, ಗುರ್ಕಾ" ಅಂದೆ. ಸ್ವೀಡಿಷ್‌ನಲ್ಲಿ ಸೌತೆಕಾಯಿ ಅಂದರೆ ಗುರ್ಕಾ. ಹೆಂಡತಿಯ ಫೋನಿನಲ್ಲಿ ದಾವಣಗೆರೆಯಿಂದ ಅಮ್ಮ ಲೈನಲ್ಲಿದ್ದರು. "ಯಾವ ಗೂರ್ಖಾನೋ? ಅವನಿಗೇನು ಮಾಡಿದ್ಯೋ ನೀನು?" ಅಂತ ಅಳೋಕೇ ಶುರು ಮಾಡಿಬಿಟ್ಟರು. ಸಂಜೆಯೊಳಗೆ ಇಡೀ ಬೀದಿಗೆ, ನನಗೆ ರಾತ್ರಿ ಕಾವಲಿನವನು ಚಾಕು ಹಾಕಿದ ಅನ್ನೋ ಸುದ್ದಿ.

ಭಾನುವಾರ, ಬ್ಯಾಂಡೇಜ್ ಸಮೇತ ಕೊರ್ತೆದಾಲಾ ನೋಡಲು ಟ್ರಾಮ್ ಹತ್ತಿದೆ. ಊರಿನ ಈಶಾನ್ಯಕ್ಕಿದೆ. 1950ರ ದಶಕದಲ್ಲಿ ಕಟ್ಟಿದ ಬಡಾವಣೆ. ಬೀದಿಗಳಿಗೆಲ್ಲ ಪಂಚಾಂಗದ ಹೆಸರು: ಏಪ್ರಿಲ್ ಬೀದಿ, ಕ್ಯಾಲೆಂಡರ್ ರಸ್ತೆ. ಅಷ್ಟು ಬಿಟ್ಟರೆ ಸಾದಾ ಅಪಾರ್ಟ್‌ಮೆಂಟುಗಳು, ಬಾಲ್ಕನಿಯಲ್ಲಿ ಸೈಕಲ್ಲು. ಏನಿದೆ ಇಲ್ಲಿ ಅಂತ ಒಂದು ಕ್ಷಣ ಬೇಜಾರಾಯಿತು. ಆಮೇಲೆ ನೆನಪಾಯಿತು, ಆ ಆಲ್ಬಮ್ಮಿನಲ್ಲಿ ತಲೆಕೂದಲು ಕತ್ತರಿಸುವ ಒಬ್ಬ ಹೆಂಗಸಿನ ಮೇಲೂ ಒಂದು ಹಾಡಿದೆ, ಮನೆಯಲ್ಲೇ ಗುಟ್ಟಾಗಿ ಕಟಿಂಗ್ ಮಾಡುವವಳು. ನನಗೂ ಕೂದಲು ಬೆಳೆದಿತ್ತು. ಕಣ್ಣಿಗೆ ಬಿದ್ದ ಒಂದು ಸಲೂನಿಗೆ ನುಗ್ಗಿದೆ.

ಎಷ್ಟು ಅಂತ ಕೇಳಿದ. "ಲೀಟೆ" ಅಂದೆ. ಸ್ವಲ್ಪ. ನಾನು ಹೇಳಿದ್ದು ಸ್ವಲ್ಪ ಕತ್ತರಿಸು ಅಂತ. ಅವನು ಸ್ವಲ್ಪ ಉಳಿಸಿದ.

ಬಾಗಿಲು ತೆಗೆದ ಹೆಂಡತಿ ನನ್ನ ತಲೆ ನೋಡಿದಳು, ಹೆಬ್ಬೆರಳು ನೋಡಿದಳು.

"ತಿರುಪತಿಗೆ ಹೋಗಿದ್ರಾ? ಲಾಡು ಎಲ್ಲಿ?"