ಸತ್ಯಾಂಶ: ಒಂದು ರಾತ್ರಿ ಇಟ್ಟ ನೀರು ಮೀನಿಗೆ ಸಿದ್ಧವೇ?

ಅಕ್ವೇರಿಯಂನಲ್ಲಿ ಗಿಡ ನೆಟ್ಟು, ನೀರು ತುಂಬಿಸಿ ಒಂದು ರಾತ್ರಿ ಬಿಟ್ಟರೆ ಮರುದಿನವೇ ಮೀನು ಬಿಡಬಹುದು ಎಂಬ ಸಂದೇಶ ಆಗಾಗ ಮೊಬೈಲಿಗೆ ಬಂದು ಬೀಳುತ್ತದೆ. ಇದು ಪೂರ್ತಿ ಕಟ್ಟುಕಥೆಯಲ್ಲ. ನಲ್ಲಿ ನೀರಿನ ರೋಗಾಣು ಕೊಲ್ಲಲು ಬೆರೆಸುವ, ಮೀನಿಗೆ ಕೇಡಾದ ಕ್ಲೋರಿನ್ ತೆರೆದಿಟ್ಟ ನೀರಿನಿಂದ ಹೊರಟುಹೋಗುತ್ತದೆ. ಕೆಲವೆಡೆ ಅದರ ಬದಲು ಬೆರೆಸುವ ಕ್ಲೋರಮಿನ್ ಅಷ್ಟು ಸುಲಭವಾಗಿ ಹೋಗುವುದಿಲ್ಲ. ನಿಜವಾದ ತೊಡಕು ಬೇರೆಯೇ ಇದೆ.

ಮೀನಿನ ಕಿವಿರುಗಳಿಂದಲೂ ಕೊಳೆಯುವ ಆಹಾರದಿಂದಲೂ ಅಮೋನಿಯಾ ಬರುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಬದಲಿಸುತ್ತವೆ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ಈ ಸೂಕ್ಷ್ಮಜೀವಿಗಳು ಮರಳಿನಲ್ಲಿ, ಫಿಲ್ಟರ್‌ನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಗಿಡಗಳೂ ಅಮೋನಿಯಾ ಹೀರುತ್ತವೆ, ನಿಜ. ಆದರೆ ಹೊಸದಾಗಿ ನೆಟ್ಟವು ಒಗ್ಗಿಕೊಳ್ಳುವಾಗ ಎಲೆ ಕಳೆದುಕೊಳ್ಳುವುದುಂಟು. ಆ ಎಲೆ ಕೊಳೆತರೆ ಅಮೋನಿಯಾ ಇನ್ನಷ್ಟು.

ನೀರು ತಿಳಿಯಾಗಿದೆ ಎಂದು ನಂಬಿಬಿಡುವುದು ಸಹಜ, ಅಮೋನಿಯಾಕ್ಕೆ ಬಣ್ಣವಿಲ್ಲವಲ್ಲ! ಪರೀಕ್ಷಾ ಕಿಟ್ ತನ್ನಿ. ಮೀನಿಲ್ಲದ ತೊಟ್ಟಿಗೆ ಚಿಟಿಕೆ ಮೀನಿನ ಆಹಾರ ಹಾಕುತ್ತಾ, ಎರಡು ಮೂರು ದಿನಕ್ಕೊಮ್ಮೆ ಅಳೆದು ಬರೆದಿಡಿ. ಅಮೋನಿಯಾ, ನೈಟ್ರೈಟ್ ಎರಡೂ ಏರಿ ಮತ್ತೆ ಸೊನ್ನೆಗೆ ಇಳಿದು ಅಲ್ಲೇ ನಿಂತಾಗ ಒಂದೆರಡು ಮೀನುಗಳಿಂದ ಆರಂಭಿಸಿ. ‘ನಮ್ಮ ಮೀನು ಬದುಕಿದೆ’ ಎಂದು ಯಾರಾದರೂ ಹೇಳಿದರೆ, ಎಷ್ಟು ವಾರವಾಯಿತು, ನೀರನ್ನು ಅಳೆದಿದ್ದೀರಾ ಎಂದು ಮೆಲ್ಲಗೆ ಕೇಳಿ ನೋಡಿ.