ಸೊಂಟಕ್ಕೊಂದು ಸರಪಳಿ

ನಮ್ಮೂರು ಬಂಗಾರಪೇಟೆ ಪಕ್ಕ. ಕೆಜಿಎಫ್‌ನ ಸೈನೇಡ್ ಗುಡ್ಡಗಳನ್ನು ನೋಡುತ್ತಲೇ ಬೆಳೆದವನು ನಾನು. ಆದರೆ ಮಣ್ಣಿನಿಂದ ಒಂದು ಚೂರು ಚಿನ್ನವನ್ನು ನನ್ನ ಕೈಯಾರೆ ಎತ್ತಿದ್ದು ಆಸ್ಟ್ರೇಲಿಯಾಕ್ಕೆ ಬಂದ ಮೇಲೆ. ಈಗಿರುವುದು ಬೆಂಡಿಗೋದಲ್ಲಿ. ಈ ಊರಿರುವ ವಿಕ್ಟೋರಿಯಾ ರಾಜ್ಯದಲ್ಲಿ ‘ಮೈನರ್ಸ್ ರೈಟ್’ ಅನ್ನೋ ಪರವಾನಗಿ ತಗೊಂಡರೆ 10 ವರ್ಷ ನಡೆಯುತ್ತದೆ. ಅವಕಾಶ ಇರುವ ಕಾಡಿನಲ್ಲಿ ಡಿಟೆಕ್ಟರ್ (ನೆಲದೊಳಗಿನ ಲೋಹಕ್ಕೆ ಸದ್ದು ಮಾಡುವ ಯಂತ್ರ) ಹಿಡಿದು ಹುಡುಕಬಹುದು, ಸಿಕ್ಕ ಚಿನ್ನ ನಮ್ಮದೇ. ತೋಡಿದ ಗುಂಡಿ ಮಾತ್ರ ಮುಚ್ಚಲೇಬೇಕು.

ಮೊದಲ ಚಳಿಗಾಲವೆಲ್ಲ ಡನೋಲಿ ಹತ್ತಿರದ ಒಂದೇ ಹಳ್ಳದಲ್ಲಿ ಸುತ್ತಿದೆ. ಎತ್ತ ನೋಡಿದರೂ ಐರನ್‌ಬಾರ್ಕ್ ಮರ, ಒಣ ಎಲೆ, ಕೆಂಪು ಮಣ್ಣು, 1850ರ ದಶಕದವರು ಅಗೆದುಬಿಟ್ಟ ಹಳ್ಳ ದಿಣ್ಣೆ. ಒಂದು ಭಾನುವಾರ ಹೆಡ್‌ಫೋನ್‌ನಲ್ಲಿ ಚೆಂದದ ಸದ್ದು ಬಂತು. ಅಗೆದೆ. ಮಣ್ಣು ಬೆಣ್ಣೆ ಥರ ಸಡಿಲ. ಅದು ಹೋದ ವಾರ ನಾನೇ ಮುಚ್ಚಿದ್ದ ಗುಂಡಿ! ಸದ್ದು ಮಾಡಿದ್ದು ನಾನೇ ಅಲ್ಲಿ ಬಿಸಾಕಿದ್ದ ತುಕ್ಕು ಮೊಳೆ.

‘ಇಲ್ಲೇ ಎಲ್ಲೋ ನೋಡಿದ್ದೀನಿ’ ಅನ್ನೋ ಅಂದಾಜಿನ ಮೇಲೆ ನಡೆಯೋದು ನಮ್ಮ ಜನದ ಹಳೇ ರೂಢಿ ಅಂದುಕೊಂಡಿದ್ದೆ. ಆಮೇಲೆ ತಾತ ನೆನಪಾದ. ರಾಗಿ ಹೊಲಕ್ಕೆ ಯೂರಿಯಾ ಎರಚುವಾಗ ಎಲ್ಲಿಗೆ ನಿಲ್ಲಿಸಿದನೋ ಅಲ್ಲಿ ಒಂದು ಹೊಂಗೆ ಟೊಂಗೆ ನೆಟ್ಟು ಊಟಕ್ಕೆ ಬರುತ್ತಿದ್ದ. ಅಕ್ಕಡಿ ಸಾಲುಗಳಿಗೆ ಅವರೆ, ತೊಗರಿ ಹಾಕುವಾಗಲೂ ಸಾಲು ಎಣಿಸದೆ ಇರುತ್ತಿರಲಿಲ್ಲ. ರೂಢಿ ಬಿಟ್ಟವನು ನಾನು, ಸುಮ್ನೆ ಊರನ್ನು ದೂರಿದೆ.

ಇಲ್ಲಿನ ಹಳೇ ಹುಡುಕಾಟಗಾರರು ಮಾಡೋದೂ ಹೆಚ್ಚುಕಮ್ಮಿ ಅದನ್ನೇ. ಸೊಂಟದ ಬೆಲ್ಟಿಗೆ ಒಂದು ತೆಳು ಸರಪಳಿ ಕಟ್ಟಿ ಹಿಂದೆ ಎಳೆದುಕೊಂಡು ನಡೆಯುತ್ತಾರೆ. ಒಣ ಎಲೆಯ ಮೇಲೆ ನೇಗಿಲ ಸಾಲಿನಂತೆ ಗೆರೆ ಬೀಳುತ್ತದೆ. ವಾಪಸ್ ಬರುವಾಗ ಆ ಗೆರೆಯನ್ನೇ ಅಂಚಾಗಿ ಹಿಡಿಯಬೇಕು. ಡಿಟೆಕ್ಟರ್ ತುದಿಯಲ್ಲಿ ನೆಲದ ಮೇಲೆ ಬೀಸುವ ತಟ್ಟೆಯಂಥ ಕಾಯಿಲ್ ಎಷ್ಟು ಅಗಲ ಇದ್ದರೂ ಆಳಕ್ಕೆ ಹೋದಂತೆ ಅದರ ನೋಟ ಕಿರಿದಾಗುತ್ತದೆ. ಹಾಗಾಗಿ ಒಂದು ಬೀಸು ಇನ್ನೊಂದು ಬೀಸಿನ ಮೇಲೆ ಅರ್ಧದಷ್ಟಾದರೂ ಬರಬೇಕು.

ಹೊಸಬರು ಫೋನ್ ತೋರಿಸುತ್ತಾರೆ. ‘ಜಿಪಿಎಸ್ ಇದೆಯಲ್ಲ, ಸರಪಳಿ ಯಾಕೆ?’ ಅಂತ. ಯಾವ ಹಳ್ಳ, ಯಾವ ದಿಬ್ಬ ಅಂತ ವರ್ಷ ಕಳೆದ ಮೇಲೂ ನೆನಪಿಡಲು ಜಿಪಿಎಸ್ ಸರಿ. ಆದರೆ ಮರದ ಕೆಳಗೆ ಫೋನು ಕೆಲವು ಮೀಟರ್ ಅತ್ತಿತ್ತ ತೋರಿಸುತ್ತದೆ. ನಾನು ಕೇಳುತ್ತಿರುವುದು ಗೇಣುಗಳ ಲೆಕ್ಕ. ಅಷ್ಟು ಸೂಕ್ಷ್ಮ ಅದಕ್ಕೆ ಬರಲ್ಲ. ಕೊಂಬೆಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಬಿಟ್ಟುಹೋಗುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು. ಸರಪಳಿ ಗೆರೆ ಒಂದು ಜೋರು ಮಳೆಗೆ ಅಳಿಸುತ್ತದೆ, ಪಟ್ಟಿ ವರ್ಷಗಟ್ಟಲೆ ನೇತಾಡುತ್ತದೆ.

ಗೆರೆ ನೋಡಿ ಬೇರೆಯವರು ನಮ್ಮ ಜಾಗಕ್ಕೆ ಬಂದುಬಿಡ್ತಾರೆ ಅನ್ನೋದು ಕೆಲವರ ಗೊಣಗಾಟ. ಬರಲಿ ಬಿಡಿ. ಗೆರೆ ಬಿದ್ದ ನೆಲ ಮುಗಿದ ನೆಲ ಏನಲ್ಲ. 1980ರಲ್ಲಿ ಕಿಂಗೋವರ್ ಹತ್ತಿರ 27 ಕಿಲೋ ತೂಕದ ‘ಹ್ಯಾಂಡ್ ಆಫ್ ಫೇತ್’ ಅನ್ನೋ ಚಿನ್ನದ ಗಟ್ಟಿ ಡಿಟೆಕ್ಟರ್‌ಗೆ ಸಿಕ್ಕಿತಲ್ವಾ, ಆ ಸೀಮೆಯಲ್ಲಿ ನೂರು ವರ್ಷಕ್ಕೂ ಮಿಕ್ಕಿ ಜನ ಅಗೆದಿದ್ದರು. ಅಲ್ಲಿಂದೀಚೆಗೆ ಯಂತ್ರಗಳೂ ಬದಲಾಗಿವೆ. ನನ್ನ ಗೆರೆ ಹೇಳೋದು ಇಷ್ಟೇ: ಈ ದಿನ, ಈ ಕಾಯಿಲ್ ಇಲ್ಲಿ ಹಾದುಹೋಯಿತು.

ಹಾಗಾಗಿ ಒಂದು ಚೂರು ಸಿಕ್ಕ ಕಡೆ ನಾನು ಎರಡು ಸಲ ಗೆರೆ ಎಳೆಯುತ್ತೇನೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕುಂಟೆ ಹೊಡೆದ ಹಾಗೆ. ಚಪ್ಪಟೆ ಚೂರು ಅಂಚಿನ ಮೇಲೆ ನಿಂತಿದ್ದರೆ ಒಂದು ಕಡೆಯಿಂದ ಸುಮ್ಮನಿದ್ದು ಇನ್ನೊಂದು ಕಡೆಯಿಂದ ಕೂಗುವುದುಂಟು. ಹೋದ ತಿಂಗಳು ಅಡ್ಡ ಸಾಲಿನಲ್ಲೇ ಒಂದು ಅವರೆಕಾಳಿನಷ್ಟು ದೊಡ್ಡದು ಸಿಕ್ಕಿತು. ಉದ್ದಕ್ಕೆ ಹೋದಾಗ ಅದರ ಮೇಲೇ ನಡೆದಿದ್ದೆ, ಗೆರೆ ಅಲ್ಲೇ ಇತ್ತು.

ಸರಪಳಿಯಿಂದ ಒಂದೇ ಕಿರಿಕಿರಿ. ಸಾಲಿನ ಕೊನೆಯಲ್ಲಿ ತಿರುಗುವಾಗ ಅದು ಕಾಯಿಲ್ ಹತ್ತಿರ ಸರಿದು ಕಿವಿಯಲ್ಲಿ ಕಿರುಚುತ್ತದೆ. ಅದು ಸರಪಳಿ ಅಂತ ಗೊತ್ತು. ಆದರೂ ಪ್ರತಿ ಸಲ ಎದೆ ಧಸಕ್ ಅನ್ನುತ್ತದೆ.